ಇಟಗಿಯ ಕಂಬಗಳು ಫೋಟೊದಲ್ಲಿ ಕಪ್ಪಾಗಿ ಬಂದಿವೆ: ದೋಷ ಮೊಬೈಲಿನದೋ, ನನ್ನದೋ?

ಪ್ರಶ್ನೆ: ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ದೂರದ ಊರುಗಳಿಗಲ್ಲದೆ ನಮ್ಮ ಕೊಪ್ಪಳ ಜಿಲ್ಲೆಯದೇ ಸ್ಥಳಗಳಿಗೆ ಒಂದು ದಿನದ ಪ್ರವಾಸಕ್ಕೆ ಕರೆದೊಯ್ದು, ಬಂದ ಮೇಲೆ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ದೊಡ್ಡದಾಗಿ ಮುದ್ರಿಸಿ ಶಾಲೆಯ ಗೋಡೆಗೆ ಹಚ್ಚುವುದು ನಾನು ನಡೆಸಿಕೊಂಡು ಬಂದ ರೂಢಿ. ಈ ಸಲ ಡಿಸೆಂಬರಿನಲ್ಲಿ ಬೆಳಿಗ್ಗೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಹತ್ತಿ, ಮಧ್ಯಾಹ್ನ ಕುಕನೂರಿನಲ್ಲಿ ಊಟ ಮುಗಿಸಿ, ನಾಲ್ಕು ಗಂಟೆಯ ಸುಮಾರಿಗೆ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದೆವು. ನನ್ನ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ.

ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದಿದ್ದರೂ ಗೋಡೆಗೆ ಹಚ್ಚಲು ಯೋಗ್ಯವಾದವು ಹತ್ತೂ ಸಿಗಲಿಲ್ಲ. ಇಟಗಿಯ ತೆರೆದ ಮಂಟಪದ ಕಂಬಗಳನ್ನು ನೀವು ನೋಡಿರಬಹುದು. ತಿರುಗಣಿಗೆ ಹಚ್ಚಿ ಕಡೆದಂತೆ ನುಣುಪಾಗಿರುವ ಆ ಕಂಬಗಳಲ್ಲಿ ನಮ್ಮ ಮುಖ ಮಂಕಾಗಿಯಾದರೂ ಕಾಣುತ್ತದೆ. ನನ್ನ ಫೋಟೊಗಳಲ್ಲಿ ಅವು ಇದ್ದಿಲಿನ ಕೊರಡುಗಳಂತೆ ಕಪ್ಪಾಗಿವೆ, ಅವುಗಳ ನಡುವಿನ ಆಕಾಶ ಸುಣ್ಣ ಬಳಿದಂತೆ ಬಿಳುಚಿಕೊಂಡಿದೆ. ಶಿಖರವನ್ನು ತೆಗೆದರೆ ಅದು ಹಿಂದಕ್ಕೆ ವಾಲಿದಂತೆ ಬಂದಿದೆ. ಮೋರ್ಯರ ಗುಡ್ಡದಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯ ಕಲ್ಲಿನ ಮನೆಗಳು, ಅಂದರೆ ಚಪ್ಪಡಿಗಳಿಂದ ಮನೆಯಂತೆ ಕಟ್ಟಿದ ಸಮಾಧಿಗಳು, ಸಾಲುಸಾಲಾಗಿ ನಿಂತಿರುವುದನ್ನು ಕಂಡು ಮಕ್ಕಳು ಬೆರಗಾದರು, ಆದರೆ ಫೋಟೊದಲ್ಲಿ ಅವು ಯಾರೋ ಮನೆ ಕಟ್ಟಲು ತಂದು ಒಟ್ಟಿದ ಚಪ್ಪಡಿಗಳಂತೆ ಕಾಣುತ್ತಿವೆ. ಇವೆಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ನನ್ನ ತಾಯಿ ತಮ್ಮದೇ ಫೋಟೊ ನೋಡಿ, "ಈಕಿ ಯಾರವ್ವಾ, ಇಷ್ಟು ಬೆಳ್ಳಗದಾಳ?" ಎಂದು ಕೇಳಿದರು. ಅವರ ಮುಖದ ಸುಕ್ಕುಗಳೆಲ್ಲ ಮಾಯವಾಗಿ, ಹಣೆಯ ಹಚ್ಚೆಯ ಬೊಟ್ಟು ಕೂಡ ಅರ್ಧ ಅಳಿಸಿಹೋಗಿತ್ತು.

ನನ್ನ ಮೊಬೈಲಿಗೆ ಮೂರು ವರ್ಷವಾಗಿದೆ, 50 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. 200 ಮೆಗಾಪಿಕ್ಸೆಲ್‌ನ ಹೊಸದನ್ನು ಕೊಳ್ಳದೆ ಗತ್ಯಂತರವಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು, ಇರುವ ಮೊಬೈಲಿನಲ್ಲಿಯೇ ಸರಿಪಡಿಸಿಕೊಳ್ಳುವ ದಾರಿ ಇದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ರಾಯಚೂರಿನ ಹಳೆಯ ಸ್ಟುಡಿಯೊದವನು

ಅಕ್ಕೋರೆ, ನಮಸ್ಕಾರ. ರೀಲು ಹಾಕುವ ಕ್ಯಾಮೆರಾದ ಕಾಲದಿಂದಲೂ ಸ್ಟುಡಿಯೊ ನಡೆಸಿದವನು ನಾನು. ಈಗ ಅಂಗಡಿ ಮಗನದು, ನನ್ನ ಕೈಯಲ್ಲಿರುವುದು ನಿಮ್ಮಂಥದೇ ಮೊಬೈಲು. ದೋಷ ನಿಮ್ಮದೂ ಅಲ್ಲ, ಮೊಬೈಲಿನದೂ ಅಲ್ಲ, ನಿಮ್ಮ ಪ್ರವಾಸದ ವೇಳಾಪಟ್ಟಿಯದು. ಇಟಗಿಯ ದೇವಾಲಯ ಪೂರ್ವಾಭಿಮುಖವಾಗಿದೆ. 1112ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದಾಗ ತೆರೆದ ಮಂಟಪ ಸೂರ್ಯೋದಯದ ಕಡೆಗೆ ಬಾಯಿ ತೆರೆದಿರುವಂತೆಯೇ ಕಟ್ಟಿಸಿದ. ನೀವು ಹೋದ ನಾಲ್ಕು ಗಂಟೆಗೆ ಸೂರ್ಯ ಗುಡಿಯ ಬೆನ್ನ ಹಿಂದೆ ಇದ್ದ. ನೆರಳಿನಲ್ಲಿ ನಿಂತ ಕಂಬಗಳನ್ನು, ಬೆಳಗುತ್ತಿರುವ ಬಯಲನ್ನು ಹಿನ್ನೆಲೆಯಾಗಿಟ್ಟುಕೊಂಡು ತೆಗೆದರೆ ಎಷ್ಟು ಬೆಲೆಯ ಕ್ಯಾಮೆರಾದಲ್ಲಿಯೂ ಅವು ಇದ್ದಿಲೇ.

ನಮ್ಮ ಕಣ್ಣು ಬೆಳಕಿಗೂ ನೆರಳಿಗೂ ಕ್ಷಣಕ್ಷಣಕ್ಕೆ ಹೊಂದಿಕೊಳ್ಳುತ್ತದೆ. ಮೊಬೈಲಿನ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿನಷ್ಟಿರುವುದರಿಂದ ಅದು ಎರಡನ್ನೂ ಒಂದೇ ಸಲಕ್ಕೆ ಹಿಡಿಯಲಾರದು. ಎಚ್‌ಡಿಆರ್ ಎಂಬ ವ್ಯವಸ್ಥೆಯಲ್ಲಿ ಮೊಬೈಲು ಕಡಿಮೆ ಬೆಳಕಿನದೊಂದು, ಹೆಚ್ಚು ಬೆಳಕಿನದೊಂದು ಎಂದು ಹಲವು ಫೋಟೊಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದು ಒಂದರೊಳಗೊಂದು ಬೆರೆಸುತ್ತದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ಆದ್ದರಿಂದ ಮುಂದಿನ ಸಲ ಇಟಗಿಗೆ ಬೆಳಿಗ್ಗೆ ಹೋಗಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಿಂದ ಹುಟ್ಟುವ ಕಾರಣ ಎಂಟು ಗಂಟೆಯ ಎಳೆಬಿಸಿಲು ಮಂಟಪದೊಳಕ್ಕೆ ಓರೆಯಾಗಿ ಹೊಕ್ಕು ಕಂಬದ ಒಂದು ಮೈಯನ್ನು ಬೆಳಗಿಸಿ ಇನ್ನೊಂದನ್ನು ನೆರಳಿಗೆ ಬಿಡುತ್ತದೆ, ಆ ನೆರಳಿನಿಂದಲೇ ಕಂಬದ ದುಂಡು ಫೋಟೊದಲ್ಲಿ ಕಾಣುವುದು. ಸೂರ್ಯನಿಗೆ ಬೆನ್ನು ಮಾಡಿ ಗರ್ಭಗುಡಿಯ ಕಡೆಗೆ ಮುಖ ಮಾಡಿ ನಿಲ್ಲಿ. ಪರದೆಯ ಮೇಲೆ ಬೆಳಗಿರುವ ಕಂಬದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಬೆಳಕಿನ ಅಳತೆ ಅಲ್ಲಿಗೆ ಬೀಗ ಹಾಕಿದಂತೆ ನಿಲ್ಲುತ್ತದೆ. ಆಮೇಲೆ ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಕೆಳಕ್ಕೆ ಎಳೆಯಿರಿ. ತುಸು ಕಪ್ಪಾದ ಫೋಟೊವನ್ನು ಮನೆಯಲ್ಲಿ ಕುಳಿತು ಬೆಳ್ಳಗೆ ಮಾಡಬಹುದು, ಬೆಳಕು ಹೆಚ್ಚಾಗಿ ಸುಟ್ಟುಹೋದದ್ದನ್ನು ಯಾರೂ ಮರಳಿ ತರಲಾರರು.

ಶಿಖರ ವಾಲುವುದಕ್ಕೆ ಕಾರಣ ನೀವು ಬುಡದಲ್ಲಿ ನಿಂತು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದ್ದು. ದೂರ ಸರಿದು, ಮೊಬೈಲನ್ನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ ನೆಟ್ಟಗೆ ಹಿಡಿದು ತೆಗೆಯಿರಿ. ಮುಂದೆ ಖಾಲಿ ಅಂಗಳ ಹೆಚ್ಚಾಗಿ ಬಂದರೆ ಬರಲಿ, ಆಮೇಲೆ ಕತ್ತರಿಸಿದರಾಯಿತು. ಸೆಟ್ಟಿಂಗ್ಸ್‌ನಲ್ಲಿ ಅಡ್ಡ ಮತ್ತು ಉದ್ದ ಗೆರೆಗಳ ಜಾಲವನ್ನು ಹಾಕಿಟ್ಟುಕೊಂಡರೆ ನೆಟ್ಟಗಿದೆಯೇ ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ.

ಮೋರ್ಯರ ಮನೆಗಳು ಚಪ್ಪಡಿಗಳ ರಾಶಿಯಂತೆ ಕಾಣಲು ಕಾರಣ ಅಳತೆಗೆ ಪಕ್ಕದಲ್ಲಿ ಯಾರೂ ಇಲ್ಲದಿರುವುದು. ಒಂದು ಮಗುವನ್ನು, ಹತ್ತದೆ ಮತ್ತು ಒರಗದೆ, ಪಕ್ಕದಲ್ಲಿ ನಿಲ್ಲಿಸಿ. ನೀವು ಕುಕ್ಕರಗಾಲಿನಲ್ಲಿ ಕುಳಿತು, ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಯ ಮಟ್ಟಕ್ಕೆ ಮೊಬೈಲು ತಂದರೆ ಆ ಕಲ್ಲುಮನೆ ಆಕಾಶಕ್ಕೆ ಎದ್ದು ನಿಲ್ಲುತ್ತದೆ.

ಅಮ್ಮನವರ ಮುಖದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಬ್ಯೂಟಿ ಎಂಬ ಆಯ್ಕೆ ಅನೇಕ ಮೊಬೈಲುಗಳಲ್ಲಿ, ಮುಖ್ಯವಾಗಿ ಸೆಲ್ಫಿ ಕ್ಯಾಮೆರಾದಲ್ಲಿ, ನಾವು ಕೇಳದೆಯೇ ಚಾಲೂ ಇರುತ್ತದೆ. ಅದನ್ನು ಸೊನ್ನೆಗೆ ಇಳಿಸಿ. ಹಿಂದೆ ನಾವೂ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮೊಡವೆ ತಿದ್ದುತ್ತಿದ್ದೆವು ನಿಜ, ಆದರೆ ಅದು ಮದುವೆಯ ಹುಡುಗಿಯ ಮನೆಯವರು ಕೇಳಿದ ಮೇಲೆ.

ಮೆಗಾಪಿಕ್ಸೆಲ್ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ನಿಮ್ಮ 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ನಾಲ್ಕು ಚುಕ್ಕಿಗಳನ್ನು ಕೂಡಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತದೆ. ಎ4 ಹಾಳೆಯಲ್ಲಿ ಒಳ್ಳೆಯ ಮುದ್ರಣಕ್ಕೆ ಒಂಬತ್ತು ಸಾಕು. ಮಕ್ಕಳು ತೆಗೆದ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ಇಳಿಸಿಕೊಂಡು ಮುದ್ರಿಸಿದ್ದರೆ ಅಲ್ಲಿಯೇ ಪೆಟ್ಟು ಬಿದ್ದಿರುತ್ತದೆ, ಏಕೆಂದರೆ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊವನ್ನು ಅದು ಬಹಳವಾಗಿ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇದ್ದದ್ದು ಇದ್ದಂತೆ ಬರುತ್ತದೆ.

ಉತ್ತರ: ಬಳ್ಳಾರಿಯ ಓದುಗ

ಸ್ಟುಡಿಯೊ ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಎಷ್ಟು ಬೆಲೆಯ ಕ್ಯಾಮೆರಾ ಆದರೂ ಒಂದೇ ಎಂಬುದು ಕಂಬಗಳಿಗೆ ಸರಿ, ಶಿಖರದ ಮೇಲಿನ ಕೆತ್ತನೆಗೆ ಸರಿಯಲ್ಲ. ಕೀರ್ತಿಮುಖವನ್ನೋ, ಮೇಲಿನ ಕಿರುಗೂಡಿನ ಶಿಲ್ಪವನ್ನೋ ನೆಲದಿಂದ ತೆಗೆಯಬೇಕೆಂದರೆ ದೂರದ್ದನ್ನು ಲೆನ್ಸಿನಿಂದಲೇ ಹತ್ತಿರ ತರುವ ಕ್ಯಾಮೆರಾ ಬೇಕು. ಸಾಧಾರಣ ಮೊಬೈಲಿನಲ್ಲಿ ಬೆರಳುಗಳಿಂದ ಹಿಗ್ಗಿಸಿದಾಗ ನಡೆಯುವುದು ಕತ್ತರಿಸಿ ದೊಡ್ಡದು ಮಾಡುವ ಕೆಲಸವಷ್ಟೇ. ಎರಡು ಪಟ್ಟಿನವರೆಗೆ ಹೇಗೋ ನಡೆಯುತ್ತದೆ, ಹತ್ತು ಪಟ್ಟಿಗೆ ಹೋದರೆ ಶಿಲ್ಪ ರಂಗೋಲಿಯ ಪುಡಿಯಂತೆ ಉದುರುತ್ತದೆ. ಹಾಗೆಂದು ಅಕ್ಕೋರು ಹೊಸ ಮೊಬೈಲು ಕೊಳ್ಳಲಿ ಎಂದು ಹೇಳುತ್ತಿಲ್ಲ. ಕೊಳ್ಳುವ ದಿನ ಬಂದಾಗ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಬದಲು, ಟೆಲಿಫೋಟೊ ಲೆನ್ಸ್ ಬೇರೆಯಾಗಿ ಇದೆಯೇ ಎಂದು ಕೇಳಲಿ.

ನಮ್ಮ ಸೀಮೆಯವರು ಎದುರಿಸುವ ಇನ್ನೊಂದು ತೊಂದರೆಯನ್ನು ಯಾರೂ ಇನ್ನೂ ಎತ್ತಿಲ್ಲ, ಅದು ಬಿಸಿಲು. ಕಳೆದ ಏಪ್ರಿಲಿನಲ್ಲಿ ಬೆಂಗಳೂರಿನಿಂದ ಬಂದ ನೆಂಟರನ್ನು ಬಳ್ಳಾರಿಯ ಗುಡ್ಡದ ಕೋಟೆಗೆ ಕರೆದೊಯ್ದಿದ್ದೆ. ಆ ಗುಡ್ಡ ಒಂದೇ ಬಂಡೆಯಂತಿರುವುದರಿಂದ ಹನ್ನೊಂದು ಗಂಟೆಗೆಲ್ಲ ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ಎರಡೂ ಕಾಯಿಸತೊಡಗಿದವು. ನಾನು ಅಂಗಿಯ ಜೇಬಿನಲ್ಲಿ ಮೊಬೈಲಿಟ್ಟು ಅದನ್ನು ಪವರ್‌ಬ್ಯಾಂಕಿಗೆ ಬೇರೆ ಸಿಕ್ಕಿಸಿದ್ದೆ. ಮೇಲಿನ ಕೋಟೆ ಮುಟ್ಟಿ, ಊರೆಲ್ಲ ಕಾಲ ಕೆಳಗೆ ಹರಡಿಕೊಂಡಿರುವ ಆ ನೋಟವನ್ನು ತೆಗೆಯಲು ಹೊರಟರೆ ಪರದೆ ಮಂಕಾಯಿತು, ಶಾಖ ಹೆಚ್ಚಾಗಿದೆ ಎಂಬ ಸೂಚನೆ ಬಂದು ಕ್ಯಾಮೆರಾ ಮುಚ್ಚಿಕೊಂಡಿತು. ನೆಂಟರ ಹುಡುಗ ಅದನ್ನು ತಣ್ಣೀರಿನ ಬಾಟಲಿಗೆ ಒತ್ತಿಟ್ಟ. ತಣ್ಣಗಾಗುವುದೇನೋ ಆಯಿತು, ಲೆನ್ಸಿನ ಒಳಗಡೆ ಹಬೆ ಕಟ್ಟಿಕೊಂಡು ಸಂಜೆಯವರೆಗೂ ಎಲ್ಲ ಫೋಟೊಗಳೂ ಮಂಜು ಕವಿದಂತೆ ಬಂದವು. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ. ನಮ್ಮ ಬೇಸಗೆ 40 ದಾಟುವುದು ಹೊಸದೇನಲ್ಲ. ಆದ್ದರಿಂದ ಮೊಬೈಲನ್ನು ಚೀಲದೊಳಗೆ ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಬೇಕೆಂದಾಗ ತೆಗೆದು, ಮತ್ತೆ ಒಳಗಿಡುವುದು ಲೇಸು. ಬಿಸಿಲಿನಲ್ಲಿ ಚಾರ್ಜ್ ಮಾಡುವುದು ಬೇಡವೇ ಬೇಡ.

ಸಣಾಪುರದ ಕೆರೆಗೆ ಹೋಗಿ ಹರಿಗೋಲು ಹತ್ತುವವರು ಮೊಬೈಲಿಗೆ ಮಣಿಕಟ್ಟಿನ ದಾರ ಹಾಕಿಕೊಳ್ಳಿ. ಅಂಬಿಗ ಹರಿಗೋಲನ್ನು ಗಿರಗಿರನೆ ತಿರುಗಿಸುವಾಗಲೇ ಎಲ್ಲರಿಗೂ ವೀಡಿಯೊ ತೆಗೆಯುವ ಹುಮ್ಮಸ್ಸು ಬರುತ್ತದೆ.

ಉತ್ತರ: ರಾಯಚೂರಿನ ಹಳೆಯ ಸ್ಟುಡಿಯೊದವನು

ಬಳ್ಳಾರಿಯವರ ಮಾತು ನ್ಯಾಯವಾದದ್ದು. ಟೆಲಿಫೋಟೊ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಮಕ್ಕಳನ್ನು ಮುಂದೆ ರಾಯಚೂರಿಗೆ ಕರೆತಂದರೆ ಉಪಯೋಗವಾದೀತೆಂದು ಒಂದು ಮಾತು ಸೇರಿಸುತ್ತೇನೆ. ನಮ್ಮ ಕೋಟೆಗೋಡೆಯಲ್ಲಿ 1294ರ ಶಾಸನವಿರುವ ಒಂದು ಕಲ್ಲು ಇದೆ, ಉದ್ದ 41 ಅಡಿಗೂ ಮೇಲೆ. ಬಂದವರೆಲ್ಲ ಅದನ್ನು ಪನೋರಮಾದಲ್ಲಿ ತೆಗೆಯುತ್ತಾರೆ, ಎಲ್ಲರಿಗೂ ಆ ನೇರವಾದ ಕಲ್ಲು ಬಿಲ್ಲಿನಂತೆ ಬಾಗಿ ಬರುತ್ತದೆ. ನಿಂತಲ್ಲಿಯೇ ನಿಂತು ಮೈ ತಿರುಗಿಸುವುದರಿಂದ ಕಲ್ಲಿನ ನಡುಭಾಗ ಹತ್ತಿರವೂ ತುದಿಗಳು ದೂರವೂ ಆಗುವುದೇ ಇದಕ್ಕೆ ಕಾರಣ. ಗೋಡೆಗೆ ಸಮನಾದ ದೂರದಲ್ಲಿ ಅಡ್ಡಡ್ಡ ನಡೆಯುತ್ತ, ಎರಡೆರಡು ಹೆಜ್ಜೆಗೆ ಒಂದರಂತೆ, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ತೆಗೆದು ಗೋಡೆಯ ಮೇಲೆ ಸಾಲಾಗಿ ಹಚ್ಚಿ. ಆ ಕಲ್ಲಿನ ಉದ್ದ ಎಷ್ಟೆಂಬುದು ಮಕ್ಕಳಿಗೆ ಆಗ ಮನದಟ್ಟಾಗುತ್ತದೆ.

ಉತ್ತರ: ಕೊಪ್ಪಳದ ಶಾಸನಾಸಕ್ತ

ಶಾಸನದ ಮಾತು ಬಂದದ್ದರಿಂದ ನಾನೂ ಬರೆಯುತ್ತಿದ್ದೇನೆ. ಕೊಪ್ಪಳದಲ್ಲಿಯೇ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರು ಬಂಡೆಶಾಸನಗಳಿವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ಬೇರೆ ಶಾಸನಗಳಲ್ಲಿ ಬಿರುದಿನಿಂದಷ್ಟೇ ಕಾಣುವ ದೇವಾನಾಂಪ್ರಿಯ ಯಾರೆಂಬ ಪ್ರಶ್ನೆ ಬಗೆಹರಿಯಿತು ಎಂಬುದನ್ನು ಅಕ್ಕೋರು ತರಗತಿಯಲ್ಲಿ ಹೇಳಿಯೇ ಇರುತ್ತಾರೆ. ಇಷ್ಟು ಮಹತ್ವದ ಬರಹವನ್ನು ಕಣ್ಣಾರೆ ಕಂಡು ಬಂದವರ ಮೊಬೈಲಿನಲ್ಲಿ ಇರುವುದು ಮಾತ್ರ ಒಂದು ಬೋಳು ಬಂಡೆಯ ಫೋಟೊ. ಸವೆದ ಬ್ರಾಹ್ಮೀ ಅಕ್ಷರಗಳ ಆಳ ಬಹಳ ಕಡಿಮೆ, ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಷ್ಟೂ ನೆರಳು ಅಳಿಸಿಹೋಗುತ್ತದೆ.

ಬಿಸಿಲಿಗೆ ತೆರೆದುಕೊಂಡ ಶಾಸನವಾದರೆ ಬೆಳಕು ಬಂಡೆಯ ಮೈ ಸವರಿಕೊಂಡು ಬೀಳುವ ಹೊತ್ತಿಗಾಗಿ ಕಾಯಬೇಕು. ಬಂಡೆಯ ನೆರಳಿನಲ್ಲಿ ಇರುವುದಾದರೆ ಜೊತೆಗಾರರ ಮೊಬೈಲಿನ ಟಾರ್ಚ್ ಬಳಸಿ. ಟಾರ್ಚನ್ನು ಅಕ್ಷರಗಳಿಗೆ ಎದುರಾಗಿ ಹಿಡಿಯದೆ, ಬಂಡೆಯ ಅಂಚಿನಲ್ಲಿ, ಕಲ್ಲಿಗೆ ನಾಲ್ಕು ಬೆರಳಿನಷ್ಟು ಸಮೀಪ ತಂದು ಅಡ್ಡವಾಗಿ ಬೆಳಕು ಹಾಯಿಸಿದರೆ ಇಲ್ಲವೆಂದುಕೊಂಡಿದ್ದ ಗೆರೆಗಳು ಒಂದೊಂದಾಗಿ ಏಳುತ್ತವೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಎಂದು ಮೂರು ಫೋಟೊ ತೆಗೆಯಿರಿ, ಏಕೆಂದರೆ ಅಡ್ಡಗೆರೆಗೆ ಒಂದು ಬೆಳಕು ಹೊಂದಿದರೆ ಉದ್ದಗೆರೆಗೆ ಇನ್ನೊಂದು ಹೊಂದುತ್ತದೆ. ಕೆಳಗಿನಿಂದ ಮಾತ್ರ ಬೇಡ. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ನಮ್ಮ ಕಣ್ಣು ರೂಢಿ ಮಾಡಿಕೊಂಡಿರುವುದರಿಂದ, ಕೆಳಗಿನ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಕೊರೆದ ಅಕ್ಷರಗಳು ಉಬ್ಬಿದ ಅಕ್ಷರಗಳಂತೆ ಕಂಡು ಓದುವವರು ಮೋಸಹೋಗುತ್ತಾರೆ. ನಾನೇ ಒಮ್ಮೆ ಹೀಗೆ ತೆಗೆದ ಫೋಟೊವನ್ನು ಗೆಳೆಯರಿಗೆ ಕಳಿಸಿ, ಹೊಯ್ಸಳರ ಕಾಲದ ಉಬ್ಬುಶಿಲ್ಪವೇ ಎಂದು ಕೇಳಿಸಿಕೊಂಡಿದ್ದೇನೆ. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣದ ಕಡ್ಡಿ ತೀಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಟ್ರೈಪಾಡ್ ಒಯ್ಯಬೇಕೆಂದಿದ್ದರೆ ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತವಾಗಿ ಅನುಮತಿ ಬೇಕು.

ಪ್ರಶ್ನೆ ಕೇಳಿದವರಿಂದ: ಗಂಗಾವತಿಯ ಶಿಕ್ಷಕಿ

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಸಂಕ್ರಾಂತಿಯ ಮರುವಾರ ಕೊಪ್ಪಳದ ತಂಗಿಯ ಮನೆಯಲ್ಲಿ ರಾತ್ರಿ ಉಳಿದು, ತಾಯಿಯನ್ನೂ ತಂಗಿಯ ಮಗನನ್ನೂ ಕರೆದುಕೊಂಡು ಎಂಟು ಗಂಟೆಗೆ ಮುಂಚೆಯೇ ಇಟಗಿ ಸೇರಿದೆ. ಹೊರಡುವಾಗ ಸೆರಗಿನಿಂದ ಲೆನ್ಸ್ ಒರೆಸಿದೆನಷ್ಟೇ, ಅದರ ಮೇಲಿದ್ದ ಎಣ್ಣೆಯ ಬೆರಳಚ್ಚು ಕಂಡು ನಾಚಿಕೆಯಾಯಿತು. ಹಿಂದಿನ ಫೋಟೊಗಳಲ್ಲಿ ದೀಪದ ಸುತ್ತ ಉದ್ದುದ್ದ ಗೆರೆಗಳು ಹರಡಿದ್ದು ಅದರಿಂದಲೇ ಇರಬೇಕು.

ಬಿಸಿಲು ಮಂಟಪದ ಅಂಚಿನ ಒರಗುಗಲ್ಲನ್ನು ದಾಟಿ ಮೊದಲ ಸಾಲಿನ ಕಂಬದ ಬುಡಕ್ಕೆ ಬಂತು. ಸ್ಟುಡಿಯೊ ಸರ್ ಹೇಳಿದಂತೆ ನಿಂತು, ಬೆರಳು ಒತ್ತಿ ಹಿಡಿದು, ಬೆಳಕನ್ನು ಕೆಳಗಿಳಿಸಿ ತೆಗೆದೆ. ಕಂಬದ ಕೊರಳಿನ ಸುತ್ತ ಉಗುರಿನಷ್ಟು ಅಗಲದ ಪಟ್ಟಿಗಳು ಒಂದರ ಮೇಲೊಂದು ಇವೆ, ಅವುಗಳ ಅಂಚು ಎಣಿಸಿದರೆ ಎಣಿಸಬಹುದು ಎಂಬಷ್ಟು ಸ್ಪಷ್ಟವಾಗಿ ಬಂದಿವೆ. ಶಾಸನ ಈ ಗುಡಿಯನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿರುವುದನ್ನು ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಆ ಹೆಸರಿಗೆ ತಕ್ಕ ಫೋಟೊ ಸಿಕ್ಕಿದ್ದು ಈಗಲೇ. ಸೂರ್ಯ ಏರಿದಂತೆ ಬೆಳಕು ಹಿಂದೆ ಸರಿಯಿತು, ಒಂಬತ್ತೂವರೆಗೆ ಅದೇ ಕಂಬ ಮತ್ತೆ ಸಾದಾ ಕಂಬವಾಗಿತ್ತು. ಬ್ಯೂಟಿ ತೆಗೆದ ಮೇಲೆ ತಾಯಿಯ ಸುಕ್ಕುಗಳೂ ಹಚ್ಚೆಯ ಬೊಟ್ಟೂ ಮರಳಿ ಬಂದವು. ಅವರು ಫೋಟೊ ನೋಡಿ, "ಹಾಂ, ಈಗ ನಾನಾದೆ" ಎಂದರು.

ಒಳಗಿನ ಮುಚ್ಚಿದ ಮಂಟಪ ಮಾತ್ರ ಎಷ್ಟು ಪ್ರಯತ್ನಿಸಿದರೂ ಕಪ್ಪಾಗಿಯೇ ಬಂತು, ಕತ್ತೆತ್ತಿ ಛಾವಣಿಯನ್ನು ತೆಗೆಯಲು ಹೋದರೆ ಕೈ ನಡುಗಿ ಮಸುಕಾಗುತ್ತಿತ್ತು. ಇದಕ್ಕೆ ದಾರಿ ಕಂಡುಕೊಂಡವನು ಏಳನೆಯ ತರಗತಿಯ ತಂಗಿಯ ಮಗ. ಅವನು ಟೈಮರನ್ನು ಹತ್ತು ಸೆಕೆಂಡಿಗೆ ಇಟ್ಟು, ಗುಂಡಿ ಒತ್ತಿ, ನೆಲದ ಮೇಲೆ ಹಾಸಿದ ಕರವಸ್ತ್ರದ ಮೇಲೆ ಮೊಬೈಲನ್ನು ಪರದೆ ಕೆಳಗಾಗಿ ಮಲಗಿಸಿ ದೂರ ಓಡಿದ. ಹಿಂದಿನ ಕ್ಯಾಮೆರಾ ನೇರವಾಗಿ ಛಾವಣಿಯನ್ನು ನೋಡುತ್ತಿತ್ತು, ಅಲುಗಾಡುವ ಕೈಯೇ ಇರಲಿಲ್ಲ. ಕತ್ತಲಿನಲ್ಲಿ ಕಣ್ಣಿಗೂ ಸರಿಯಾಗಿ ಕಾಣದಿದ್ದ ಕೆತ್ತನೆ ಚೌಕಾಕಾರವಾಗಿ, ಒಂದಿಷ್ಟೂ ವಾಲದೆ ಬಂದಿದೆ. ಮೊದಲನೆಯ ಫೋಟೊದ ಒಂದು ಮೂಲೆಯಲ್ಲಿ, ಆಯಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿರುವ ಅವನ ಅರ್ಧ ಮುಖ ಬಂದಿದೆ. ಗೋಡೆಗೆ ಹಚ್ಚಿರುವುದು ಅದನ್ನೇ.